‘ನೂರ ಐದು’ 1005 ಆಗುವುದೇಕೆ?

ಮಾನ್ಯ ಸಂಪಾದಕರೇ,

‘ನೂರ ಐದು’ ಬರೆಯಲು ಹೇಳಿದರೆ ಎರಡನೇ ತರಗತಿಯ ಎಷ್ಟೋ ಮಕ್ಕಳು 1005 ಎಂದು ಬರೆಯುತ್ತಾರೆ. ಇದು ಅಜಾಗರೂಕತೆಯಲ್ಲ. ನೂರಕ್ಕೆ 100, ಐದಕ್ಕೆ 5, ಕಿವಿಗೆ ಬಿದ್ದಂತೆಯೇ ಬರೆದಿದ್ದಾರೆ. ಕೆಂಪು ಗೀಟು ಹಾಕಿ ಹತ್ತು ಸಲ ಬರೆಸಿದರೆ ಇದು ಹೋಗದು.

ಇದು ಹೋಗಲು ಮಕ್ಕಳು ತಾವೇ ಕಡ್ಡಿ ಎಣಿಸಿ, ಹತ್ತಾದಾಗ ರಬ್ಬರ್ ಬ್ಯಾಂಡ್ ಹಾಕಬೇಕು. ಅಂಥ ಹತ್ತು ಕಟ್ಟು ಸೇರಿಸಿ ನೂರರ ದೊಡ್ಡ ಕಟ್ಟು ಮಾಡಬೇಕು. ಮೊದಲೇ ಕಟ್ಟಿಟ್ಟದ್ದನ್ನು ಕೊಟ್ಟರೆ ಪ್ರಯೋಜನ ಕಡಿಮೆ. ಬಳಿಕ ರಟ್ಟಿನ ಚೀಟಿಗಳು: ಮೂರು ಅಂಕಿ ಅಗಲದ 100ರ ಮೇಲೆ ಒಂದಂಕಿ ಅಗಲದ 5ನ್ನು ಬಲ ಅಂಚಿಗೆ ಹೊಂದಿಸಿಟ್ಟರೆ 105 ಕಾಣುತ್ತದೆ. ನೂರು ಎಲ್ಲೂ ಹೋಗಿಲ್ಲ, 5ರ ಅಡಿಯಲ್ಲೇ ಇದೆ ಎಂದು ಎತ್ತಿ ತೋರಿಸಬಹುದು. ಮಣಿಚೌಕಟ್ಟು (ಅಬ್ಯಾಕಸ್) ಇದಾದ ಮೇಲೆಯೇ ಬರಲಿ. ಅದರಲ್ಲಿ ಹತ್ತರ ಮಣಿಯೂ ಬಿಡಿಯ ಮಣಿಯೂ ಒಂದೇ ಗಾತ್ರ, ಹತ್ತು ದೊಡ್ಡದೆಂದು ಕಣ್ಣಿಗೆ ಕಾಣದು.

ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ತರಗತಿಗಳಲ್ಲಿ ಇನ್ನೊಂದು ತೊಡಕಿದೆ. ‘ಸಿಕ್ಸ್‌ಟೀನ್’ನಲ್ಲಿ ಆರು ಮೊದಲು ಕೇಳುವುದರಿಂದ ಕೆಲವು ಮಕ್ಕಳು 61 ಬರೆಯುತ್ತಾರೆ. ನಮ್ಮ ‘ಹದಿನಾರು’ ಹತ್ತನ್ನೇ ಮೊದಲು ಹೇಳುತ್ತದೆ. ಕನ್ನಡ ಮನೆಮಾತಿನ ಮಕ್ಕಳಿಂದ ದಯವಿಟ್ಟು ಎರಡೂ ಭಾಷೆಯ ಹೆಸರನ್ನು ಹೇಳಿಸಿ.

– ಪ್ರಾಥಮಿಕ ಶಾಲಾ ಗಣಿತ ಶಿಕ್ಷಕರು, ಬೆಂಗಳೂರು