ಹೆರಿಗೆಯ ರಕ್ತ ಅಳೆಯುವ ಚೀಲ ಎಲ್ಲಿದೆ?

ಸಂಪಾದಕರೇ,

ಹೆರಿಗೆಯಲ್ಲಿ ತಾಯಿ ಸತ್ತರೆ ಹಣೆಬರಹ ಅನ್ನುವವರು ಇನ್ನೂ ಇದ್ದಾರೆ. ಹಣೆಬರಹ ದೇಶ ನೋಡಿ ಬರುವುದಿಲ್ಲ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಬಸಿರು, ಹೆರಿಗೆಯ ಕಾರಣದಿಂದ ಸುಮಾರು 2.6 ಲಕ್ಷ ಮಹಿಳೆಯರು ತೀರಿಕೊಂಡರು. ಶೇ 70ರಷ್ಟು ಮಂದಿ ಸಹಾರಾದ ದಕ್ಷಿಣದ ಆಫ್ರಿಕಾದವರು.

ಹೆರಿಗೆಯ ನಂತರದ ರಕ್ತಸ್ರಾವ ಇದಕ್ಕೆ ದೊಡ್ಡ ಕಾರಣ. ಎಷ್ಟು ರಕ್ತ ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳಲು ಅನುಭವಿಗಳಿಗೂ ಕಷ್ಟ. ಕೆನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲವನ್ನು ತಾಯಿಯ ಕೆಳಗೆ ಇಟ್ಟರು. ರಕ್ತ ಮಿತಿ ದಾಟಿದ ಕೂಡಲೇ ಗರ್ಭಕೋಶದ ಮಸಾಜ್, ಗರ್ಭಕೋಶ ಬಿಗಿಯಾಗಿಸುವ ಔಷಧ ಆಕ್ಸಿಟೋಸಿನ್, ರಕ್ತ ನಿಲ್ಲಿಸಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರು. ಫಲಿತಾಂಶ 2023ರಲ್ಲಿ ಬಂತು. ತೀವ್ರ ರಕ್ತಸ್ರಾವ, ಅದರಿಂದಾಗುವ ಆಪರೇಷನ್ ಮತ್ತು ಸಾವು ಎಂದಿನ ಆರೈಕೆ ಕೊಟ್ಟ ಆಸ್ಪತ್ರೆಗಳಿಗೆ ಹೋಲಿಸಿದರೆ ಒಟ್ಟಾರೆ ಶೇ 60ರಷ್ಟು ಕಡಿಮೆ ಇದ್ದವು.

ತಮಾಷೆಯೆಂದರೆ, ಇಂಥದ್ದೇ ಚೀಲವನ್ನು ಸುಮಾರು 20 ವರ್ಷಗಳ ಹಿಂದೆಯೇ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಬಳಸಿ ನೋಡಿದ್ದರು! ಅದೇನು ಜಾಸ್ತಿ ದುಡ್ಡಿನ ಯಂತ್ರವಲ್ಲ. ನಮ್ಮ ಎಷ್ಟು ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಇದು ದಿನವೂ ಬಳಕೆಯಲ್ಲಿದೆ? ಆರೋಗ್ಯ ಇಲಾಖೆ ಪಟ್ಟಿ ಕೊಡಲಿ.

– ಓದುಗ, ಧಾರವಾಡ