ಫೈಲ್ ಜೋಡಿಸಿಕೊಟ್ಟ ಅಕ್ಕನಿಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕಾ, ನಿಮ್ಮ ಹೆಸರು ಕೇಳೋದು ಆಗಲಿಲ್ಲ. ನಿಮಗೆ ಮನಸಾರೆ ಧನ್ಯವಾದ.

ಅಪ್ಪ ತೀರಿಕೊಂಡ ಮೇಲೆ ಅವರ ಆದಾಯ ತೆರಿಗೆ ರಿಟರ್ನ್ ನಾನೇ ತುಂಬಬೇಕಿತ್ತು. ಬರೀ ಕಾಗದದ ಕೆಲಸ ಅಂತ ಎಲ್ಲರೂ ಹೇಳಿದ್ದರು. ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಪಿಂಚಣಿ ಜಮಾ, ಔಷಧಿ ಅಂಗಡಿಗೆ ಕಟ್ಟಿದ ದುಡ್ಡು, ಆಸ್ಪತ್ರೆ ಬಿಲ್ಲು. ಅದರ ಕೆಳಗೆ ಬಡ್ಡಿ ಬಿಟ್ಟರೆ ಏನೂ ಇಲ್ಲ. ಆ ಸಾಲಿಗೆ ಬಂದಾಗ ನನಗೆ ದುಃಖ ತಡೆಯಲು ಆಗಲಿಲ್ಲ.

ನೀವು ಏನೂ ಕೆದಕಲಿಲ್ಲ. ಫೈಲ್ ನಿಮ್ಮ ಕಡೆ ಎಳೆದುಕೊಂಡು, "ಅಳು ಬಂದ್ರ ಅಳು ತಂಗಿ, ನಾ ಹಾಳಿ ಜೋಡಸ್ತೀನಿ" ಅಂದಿರಿ. ತೀರಿಕೊಂಡ ದಿನದವರೆಗಿನ ಆದಾಯ ಅಪ್ಪನ ರಿಟರ್ನ್‌ಗೆ, ಆಮೇಲಿನ ಬಡ್ಡಿ ವಾರಸುದಾರರ ಲೆಕ್ಕಕ್ಕೆ ಅಂತ ಎರಡು ಕಟ್ಟು ಮಾಡಿದಿರಿ. ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಮೊದಲು ವಾರಸುದಾರಳಾಗಿ ನೋಂದಾಯಿಸಬೇಕು, ಮರಣ ಪ್ರಮಾಣಪತ್ರ, ವಾರಸಾ ಪ್ರಮಾಣಪತ್ರ, ಇಬ್ಬರ ಪ್ಯಾನ್ ಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟಿರಿ. ನಿಮ್ಮ ಯಜಮಾನರದ್ದೂ ನೀವೇ ತುಂಬಿದ್ದಿರಂತೆ. ಆ ಸಂಕಟ ನಿಮಗೆ ಗೊತ್ತಿತ್ತು, ಅಲ್ವಾ?

ರಿಟರ್ನ್ ತುಂಬುವ ಕೊನೆ ದಿನದ ಹೆದರಿಕೆಯೇ ನನಗೆ ಜಾಸ್ತಿ ಇತ್ತು. ಜುಲೈ 31 ತಪ್ಪಿದರೂ ದಂಡ ಕಟ್ಟಿ ಡಿಸೆಂಬರ್ 31ರೊಳಗೆ ತುಂಬಬಹುದು ಅಂದಿರಿ. ಆ ಮಾತಿನಿಂದಲೇ ಎದೆ ಹಗುರಾಯಿತು.

ಅಪ್ಪನ ರಿಟರ್ನ್ ಸಲ್ಲಿಸಿ, ವೆರಿಫೈ ಕೂಡ ಆಯಿತು. ಅವ್ವನಿಗೆ ನಿಮ್ಮ ವಿಷಯ ಹೇಳಿದೆ. ನಿಮ್ಮನ್ನು ಒಮ್ಮೆ ಊಟಕ್ಕೆ ಕರೆಯಬೇಕಂತೆ. ಇದನ್ನು ಓದಿದರೆ ದಯವಿಟ್ಟು ಬನ್ನಿ.