ನಿಷೇಧದ ಫಲಕ ಸಾಕು, ದೂರ ಎಷ್ಟೆಂದು ಬರೆಯಿರಿ

ಮಾನ್ಯ ಸಂಪಾದಕರೇ,

‘ಮೊಬೈಲ್ ಬಳಕೆ ನಿಷೇಧಿಸಲಾಗಿದೆ’ ಎಂಬ ಫಲಕವಿಲ್ಲದ ಆಸ್ಪತ್ರೆ ಅಪರೂಪ. ಅದರ ಕೆಳಗೇ ನಿಂತು ಜನ ಮಾತಾಡುತ್ತಿರುತ್ತಾರೆ. ಡಾಕ್ಟರು, ನರ್ಸುಗಳೂ ಅದಕ್ಕೆ ಹೊರತಲ್ಲ. ಯಾರೂ ಪಾಲಿಸದ ಇಂಥ ಫಲಕಕ್ಕಿಂತ, ಯಾವುದರಿಂದ ಎಷ್ಟು ದೂರವಿರಬೇಕೆಂದು ಬರೆದರೆ ಪ್ರಯೋಜನವಾದೀತು.

ಐಸಿಯುನಲ್ಲಿ ನಿಧಾನವಾಗಿ ಔಷಧ ಹರಿಸುವ ಸಿರಿಂಜ್ ಪಂಪ್, ವೆಂಟಿಲೇಟರ್, ಇಸಿಜಿ ಮಾನಿಟರ್‌ಗಳಿಂದ ಮೊಬೈಲ್ ಒಂದು ಮೀಟರ್ ದೂರವಿದ್ದರೆ ತೊಂದರೆಯ ಸಾಧ್ಯತೆ ಬಹಳ ಕಡಿಮೆ. ಪಂಪ್‌ಗೆ ಒರಗಿಸಿಟ್ಟರೆ ಅಲಾರಾಂ ಹೊಡೆದು ಅದು ನಿಲ್ಲಬಹುದು, ಇಸಿಜಿ ಗೆರೆ ಕದಡಬಹುದು. 1997ರಲ್ಲಿ ಬ್ರಿಟನ್ನಿನ ವೈದ್ಯಕೀಯ ಉಪಕರಣ ಸಂಸ್ಥೆ ಒಂದು ಮೀಟರ್ ದೂರದಿಂದ ಪರೀಕ್ಷಿಸಿದಾಗ ಮೊಬೈಲಿನಿಂದ ಶೇ 4ರಷ್ಟು ಉಪಕರಣಗಳಿಗೆ ತೊಂದರೆಯಾಯಿತು, ತುರ್ತು ಸೇವೆಯವರ ವಾಕಿಟಾಕಿಯಿಂದ ಶೇ 41ರಷ್ಟಕ್ಕೆ. ನಮ್ಮಲ್ಲಿ ಮೊಬೈಲ್ ಹಿಡಿದವರನ್ನು ಗದರುವ ಸೆಕ್ಯುರಿಟಿಯವರ ಸೊಂಟದಲ್ಲೇ ವಾಕಿಟಾಕಿ ಇರುತ್ತದೆ!

ಸಿಗ್ನಲ್ ಕಡಿಮೆಯಿದ್ದಷ್ಟೂ ಮೊಬೈಲ್ ಹೆಚ್ಚು ಶಕ್ತಿಯ ರೇಡಿಯೊ ಅಲೆಗಳಲ್ಲಿ ಟವರನ್ನು ಕೂಗುತ್ತದೆ. 2ಜಿ ಹ್ಯಾಂಡ್‌ಸೆಟ್ ಗರಿಷ್ಠ 2 ವಾಟ್‌ವರೆಗೆ ಹೋಗುತ್ತದೆ, 4ಜಿಯದು ಸಾಮಾನ್ಯವಾಗಿ 0.2 ವಾಟ್. ಆದ್ದರಿಂದ ನೆಲಮಾಳಿಗೆಯ ವಾರ್ಡಿನಲ್ಲಿ ಅಜ್ಜನ ಹಳೆಯ ಕೀಪ್ಯಾಡ್ ಫೋನಿನ ಮೇಲೇ ಹೆಚ್ಚು ಕಣ್ಣಿಡಬೇಕು. ಮಾತಾಡದೆ ಜೇಬಿನಲ್ಲಿಟ್ಟರೂ ಅದು ಆಗಾಗ ಟವರ್‌ಗೆ ಉತ್ತರ ಕೊಡುತ್ತಲೇ ಇರುತ್ತದೆ.

ಹೃದಯ ಬಡಿತ ಸರಿಯಾಗಿಡುವ ಪೇಸ್‌ಮೇಕರ್ ಹಾಕಿಸಿಕೊಂಡವರ ವಿಚಾರ ಬೇರೆ. ಸಾಧನವನ್ನು ಸಾಮಾನ್ಯವಾಗಿ ಎಡ ಕಾಲರ್ ಮೂಳೆಯ ಕೆಳಗೆ ಕೂರಿಸುತ್ತಾರೆ. ಅಂಗಿಯ ಜೇಬೂ ಎಡಕ್ಕೇ. ಅಲ್ಲಿ ಮೊಬೈಲ್ ಬೇಡ. ಕನಿಷ್ಠ 15 ಸೆಂ.ಮೀ., ಎಂದರೆ ಆರಿಂಚು ದೂರವಿರಲಿ, ಬಲಗಿವಿಗೆ ಹಿಡಿದು ಮಾತಾಡಿ. ಈಚಿನ ಕೆಲವು ಫೋನ್‌ಗಳ ಬೆನ್ನಲ್ಲಿ, ಮುಚ್ಚುವ ಕವರ್‌ಗಳಲ್ಲಿ, ಇಯರ್‌ಬಡ್ ಡಬ್ಬಿಯಲ್ಲಿ ಅಯಸ್ಕಾಂತವಿರುತ್ತದೆ. ಅದು ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯದ ಸ್ವಂತ ಬಡಿತವನ್ನು ಗಮನಿಸದೆ ಒಂದೇ ವೇಗದಲ್ಲಿ ಬಡಿಸತೊಡಗಬಹುದು. ಐಸಿಡಿಯಾದರೆ (ಬಡಿತ ಅಪಾಯಕರವಾಗಿ ತಪ್ಪಿದಾಗ ಶಾಕ್ ಕೊಡಲು ಎದೆಯಲ್ಲಿ ಕೂರಿಸುವ ಸಾಧನ), ಪ್ರಾಣ ಉಳಿಸುವ ಆ ಶಾಕ್ ಕೊಡುವುದನ್ನೇ ತಡೆಹಿಡಿಯಬಹುದು. 2021ರಲ್ಲಿ ಅಮೆರಿಕದ ವೈದ್ಯರು ಐಫೋನ್ 12ರಿಂದ ಹೀಗಾದದ್ದನ್ನು ದಾಖಲಿಸಿದ್ದಾರೆ. ದೂರ ಸರಿಸಿದರೆ ಸಾಧನ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಫ್ಲೈಟ್ ಮೋಡ್‌ಗೆ ಹಾಕಿದರೆ ರೇಡಿಯೊ ನಿಲ್ಲುತ್ತದೆ, ಅಯಸ್ಕಾಂತ ಎಲ್ಲಿಗೂ ಹೋಗುವುದಿಲ್ಲ. ವೈರ್‌ಲೆಸ್ ಚಾರ್ಜರ್ ಮೇಲಿದ್ದಾಗ ದೂರವನ್ನು 30 ಸೆಂ.ಮೀ.ಗೆ ಹೆಚ್ಚಿಸಿ.

ಎಂಆರ್‌ಐ ಕೋಣೆಗೆ ಮಾತ್ರ ಪೂರ್ತಿ ನಿಷೇಧವೇ ಸರಿ. ಸ್ಕ್ಯಾನ್ ನಡೆಯದಿದ್ದಾಗಲೂ ಅಲ್ಲಿನ ಅಯಸ್ಕಾಂತ ಕೆಲಸ ಮಾಡುತ್ತಲೇ ಇರುತ್ತದೆ.

ನಿಷೇಧಕ್ಕೆ ಹೆದರಿ ಫೋನ್ ಆಫ್ ಮಾಡಿಟ್ಟವರಿಗೆ ತುರ್ತು ಹೊತ್ತಿನಲ್ಲಿ ಅದು ಕೈಗೆ ಬರುವುದಿಲ್ಲ. ಮನೆಯಲ್ಲಿ ಯಾರಾದರೂ ಕುಸಿದು ಬಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ, ಮೊದಲು ಊರು, ಬೀದಿ, ಗುರುತಿನ ಜಾಗ ಹೇಳಿ. ಕರೆ ಕಡಿದರೂ ಆಂಬುಲೆನ್ಸ್ ಹೊರಡಲಿ. ನಂತರ ಸ್ಪೀಕರ್ ಆನ್ ಮಾಡಿ ಫೋನನ್ನು ನೆಲದ ಮೇಲೆ, ರೋಗಿಯ ಎದೆಯಿಂದ ದೂರ ಇಡಿ. ರೋಗಿಗೆ ಪ್ರಜ್ಞೆಯಿಲ್ಲದೆ ಉಸಿರಾಟವೂ ಸರಿಯಿಲ್ಲದಿದ್ದರೆ, ಆಗ ಎರಡೂ ಕೈ ಎದೆ ಒತ್ತಲು ಸಿಗುತ್ತವೆ. ಅಂಥ ಸ್ಥಿತಿಯಲ್ಲಿ ಪೇಸ್‌ಮೇಕರ್ ಇದ್ದವರ ಎದೆಯನ್ನೂ ನಡುವೆ ಒತ್ತಲೇಬೇಕು. ಅವರ ಮೊಬೈಲಿನ ತುರ್ತು ಮಾಹಿತಿಯಲ್ಲಿ ಪೇಸ್‌ಮೇಕರ್ ಇರುವ ಸಂಗತಿ, ಸಾಧನದ ಹೆಸರು, ಮನೆಯವರ ನಂಬರ್ ಇದ್ದರೆ, ಲಾಕ್ ತೆರೆಯದೆಯೇ ಆಂಬುಲೆನ್ಸ್‌ನವರು ಓದಿಕೊಳ್ಳಬಹುದು.

— ಒಬ್ಬ ಬಯೋಮೆಡಿಕಲ್ ಎಂಜಿನಿಯರ್, ಮೈಸೂರು